ರೆಕ್ಕೆಯ ಮೇಲೊಂದು ವಿಳಾಸ

ಮಕ್ಕಳೇ, ಎಕ್ಕದ ಗಿಡ ನಿಮಗೆ ಗೊತ್ತೇ ಇದೆ. ರಥಸಪ್ತಮಿಯ ದಿನ ಅಜ್ಜಿ ಏಳು ಎಲೆ ತಂದು ತಲೆ, ಭುಜ, ಮಂಡಿಯ ಮೇಲೆಲ್ಲ ಇಟ್ಟು ನೀರು ಹುಯ್ಯುತ್ತಾರಲ್ಲ, ಅದೇ ಗಿಡ. ಖಾಲಿ ಸೈಟಿನಲ್ಲಿ, ಕೆರೆ ಏರಿಯ ಮೇಲೆ, ಬಸ್ ನಿಲ್ದಾಣದ ಹಿಂದೆ, ಯಾರೂ ನೀರು ಹಾಕದಿದ್ದರೂ ದಪ್ಪ ದಪ್ಪ ಎಲೆ ಬಿಟ್ಟುಕೊಂಡು ನಿಂತಿರುತ್ತದೆ. ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಅದಕ್ಕೇ ನಾವು ಬರೀ ನೋಡೋಣ, ಕೀಳುವುದು ಬೇಡ.

ಮುಂದಿನ ಸಲ ಆ ಗಿಡದ ಹತ್ತಿರ ಹೋದಾಗ ಸ್ವಲ್ಪ ಬಗ್ಗಿ, ಎಲೆಯ ಅಡಿಭಾಗ ನೋಡಿ. ಅದೃಷ್ಟ ಚೆನ್ನಾಗಿದ್ದರೆ ಅಲ್ಲೊಂದು ನುಣುಪಾದ ಹುಳು ಸಿಗುತ್ತದೆ. ಮೈಯೆಲ್ಲ ಕಪ್ಪು, ಬಿಳಿ, ಹಳದಿ ಪಟ್ಟೆ. ಬೆನ್ನ ಮೇಲೆ ಕಪ್ಪು ದಾರದಂಥ ಎಳೆಗಳು ಮೂರು ಜೊತೆ: ತಲೆಯ ಹತ್ತಿರ ಒಂದು, ನಡುವೆ ಒಂದು, ಬಾಲದ ಕಡೆ ಒಂದು. ಬೆಳಗಿನಿಂದ ಸಂಜೆಯ ತನಕ ಅದಕ್ಕೆ ಒಂದೇ ಕೆಲಸ, ಎಲೆ ತಿನ್ನುವುದು. ಕೆಲವು ದಿನ ಕಳೆದ ಮೇಲೆ ಅದು ಎಲ್ಲೋ ತಲೆಕೆಳಗಾಗಿ ಜೋತುಬಿದ್ದು ಹಸಿರು ಕೋಶವಾಗುತ್ತದೆ. ಆಮೇಲೆ ಒಂದು ದಿನ ಕೋಶ ಸೀಳಿಕೊಂಡು ಕಿತ್ತಳೆ ಬಣ್ಣದ, ಕಪ್ಪು ಅಂಚಿನ ಚಿಟ್ಟೆ ಹೊರಗೆ ಬರುತ್ತದೆ. ಚಿಟ್ಟೆ ನೋಡುವವರು ಇದನ್ನು ಪ್ಲೇನ್ ಟೈಗರ್ ಅನ್ನುತ್ತಾರೆ.

ಈ ಚಿಟ್ಟೆಗೆ ದೂರದ ಅಮೆರಿಕ ಖಂಡದಲ್ಲಿ ದೊಡ್ಡಪ್ಪನ ಮಗಳೊಬ್ಬಳು ಇದ್ದಾಳೆ. ಹೆಸರು ಮೊನಾರ್ಕ್. ಬಣ್ಣವೂ ಅದೇ ಕಿತ್ತಳೆ. ಅವಳ ಹುಳುವಿಗೂ ಹಾಲು ಸುರಿಸುವ ಗಿಡವೇ ಬೇಕು. ಎಕ್ಕದ ಬಳಗದ ಆ ಗಿಡಕ್ಕೆ ಅಲ್ಲಿ ಮಿಲ್ಕ್‌ವೀಡ್ ಎಂದು ಹೆಸರು. ಇವತ್ತಿನ ಕತೆ ಆ ಮೊನಾರ್ಕ್ ಚಿಟ್ಟೆಯದು. ಅದಕ್ಕಿಂತ ಹೆಚ್ಚಾಗಿ, ಅದರ ಹಿಂದೆ ಬಿದ್ದ ನೂರಾರು ಜನರದು.

ಎಲ್ಲಿಗೆ ಹೋದವು?

ಕೆನಡಾ ದೇಶದ ಚಳಿ ನಮ್ಮ ಚಳಿಯ ಹಾಗಲ್ಲ. ಅಲ್ಲಿ ಕೆರೆಯ ನೀರೇ ಗಟ್ಟಿಯಾಗಿ ಮಕ್ಕಳು ಅದರ ಮೇಲೆ ಜಾರಿ ಆಡುತ್ತಾರೆ. ಬೇಸಿಗೆಯಲ್ಲಿ ಹೊಲ, ತೋಟ, ರೈಲು ಹಳಿಯ ಪಕ್ಕ ಎಲ್ಲ ಕಡೆ ಕಾಣುವ ಮೊನಾರ್ಕ್ ಚಿಟ್ಟೆಗಳು ಚಳಿ ಬರುವ ಹೊತ್ತಿಗೆ ಮಾಯ. ಮರುವರ್ಷ ಬೇಸಿಗೆಗೆ ಮತ್ತೆ ಹಾಜರ್. ನಡುವೆ ಎಲ್ಲಿರುತ್ತವೆ?

ಟೊರೊಂಟೊ ನಗರದಲ್ಲಿ 1911ರಲ್ಲಿ ಹುಟ್ಟಿದ ಫ್ರೆಡ್ ಉರ್ಕ್‌ಹಾರ್ಟ್ ಎಂಬ ಹುಡುಗನಿಗೆ ಈ ಪ್ರಶ್ನೆ ಅಂಟಿಕೊಂಡಿತು. ದೊಡ್ಡವನಾಗಿ ಪ್ರಾಣಿವಿಜ್ಞಾನದ ಪ್ರಾಧ್ಯಾಪಕನಾದರೂ ಪ್ರಶ್ನೆ ಬಿಟ್ಟುಹೋಗಲಿಲ್ಲ. ಮದುವೆಯಾದ ಮೇಲೆ ಹೆಂಡತಿ ನೋರಾಗೂ ಅದೇ ಪ್ರಶ್ನೆ ಅಂಟಿತು.

ಉತ್ತರ ಹುಡುಕುವುದು ಹೇಗೆ? ಚಿಟ್ಟೆಯ ಹಿಂದೆ ಓಡಲು ಆಗುವುದಿಲ್ಲ. ಅದು ಬೇಲಿ ದಾಟುತ್ತದೆ, ನದಿ ದಾಟುತ್ತದೆ, ದೇಶವನ್ನೇ ದಾಟುತ್ತದೆ. ತೂಕವೋ ಅರ್ಧ ಗ್ರಾಂ. ಅದರ ಬೆನ್ನಿಗೆ ಯಂತ್ರ ಕಟ್ಟುವ ಮಾತು ಆ ಕಾಲದಲ್ಲಿ ಇರಲೇ ಇಲ್ಲ. ಆಗ ಅವರಿಗೆ ಹೊಳೆದದ್ದು ಅಂಚೆಯ ಉಪಾಯ. ಚಿಟ್ಟೆಯ ರೆಕ್ಕೆಗೆ ಒಂದು ಪುಟ್ಟ ಚೀಟಿ ಅಂಟಿಸುವುದು. ಅದರಲ್ಲಿ ಒಂದು ಗುರುತಿನ ಸಂಖ್ಯೆ. ಜೊತೆಗೆ, ಸಿಕ್ಕವರು ಟೊರೊಂಟೊ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನ ವಿಭಾಗಕ್ಕೆ ಕಳುಹಿಸಿ ಎಂಬ ಒಕ್ಕಣೆ. ಚಿಟ್ಟೆ ಎಲ್ಲಿ ಸಿಕ್ಕಿತೋ ಅಲ್ಲಿಂದ ಪತ್ರ ಬಂದರೆ, ಹೊರಟ ಜಾಗ ಮತ್ತು ಸಿಕ್ಕ ಜಾಗದ ನಡುವೆ ನಕ್ಷೆಯಲ್ಲಿ ಒಂದು ಗೆರೆ ಎಳೆಯಬಹುದು.

ಹೇಳುವುದು ಸುಲಭ, ಅಂಟಿಸುವುದು ಕಷ್ಟ. ಮೊದಲು ಅಂಚೆಚೀಟಿಯ ಹಾಗೆ ಒದ್ದೆ ಮಾಡಿ ಅಂಟಿಸುವ ಚೀಟಿ ಮಾಡಿದರು. ಮಳೆ ಬಂತು, ಚೀಟಿಗಳೆಲ್ಲ ಕಳಚಿ ಬಿದ್ದವು. ಆಮೇಲೆ ಅಂಗಡಿಯ ಗಾಜಿನ ಸಾಮಾನಿನ ಮೇಲೆ ಹಚ್ಚುತ್ತಾರಲ್ಲ ಬೆಲೆ ಚೀಟಿ, ಅಂಥ ಒತ್ತಿದರೆ ಹಿಡಿಯುವ ಅಂಟನ್ನು ಬಳಸಿದರು. ಆಗಲೂ ಒಂದು ತೊಡಕು ಇತ್ತು. ಚಿಟ್ಟೆಯನ್ನು ಮುಟ್ಟಿದಾಗ ಬೆರಳಿಗೆ ನುಣ್ಣನೆಯ ಪುಡಿ ಹತ್ತುತ್ತದೆ, ನೋಡಿದ್ದೀರಾ? ಅದು ರೆಕ್ಕೆಯ ಮೇಲಿನ ಸಣ್ಣ ಸಣ್ಣ ಹೊಪ್ಪಳೆ. ಅದರ ಮೇಲೆ ಅಂಟು ಕೂರುವುದಿಲ್ಲ, ಧೂಳು ಹಿಡಿದ ಗೋಡೆಗೆ ಸ್ಟಿಕ್ಕರ್ ಹಚ್ಚಿದ ಹಾಗೆ. ಅದಕ್ಕೆ ಮುಂದಿನ ರೆಕ್ಕೆಯ ಅಂಚಿನಲ್ಲಿ ಹೆಬ್ಬೆರಳು ತೋರುಬೆರಳಿನಿಂದ ಮೆಲ್ಲಗೆ ಉಜ್ಜಿ, ಒಂದಿಷ್ಟೇ ಇಷ್ಟು ಜಾಗದ ಪುಡಿ ತೆಗೆದು, ಚೀಟಿಯನ್ನು ಅಂಚಿನ ಮೇಲೆ ಮಡಚಿ ಒತ್ತಿದರು. ಈ ಸಲ ನಿಂತಿತು. ಚಿಟ್ಟೆಯೂ ಹಾರಿತು.

ಹನ್ನೆರಡು ಜನ

ಇನ್ನೊಂದು ಲೆಕ್ಕ ಬಾಕಿ ಇತ್ತು. ಕೆನಡಾ ಮತ್ತು ಅಮೆರಿಕದಲ್ಲಿ ಹಾರುವ ಮೊನಾರ್ಕ್‌ಗಳು ಕೋಟಿಗಟ್ಟಲೆ. ಗಂಡ ಹೆಂಡತಿ ಇಬ್ಬರೇ ಎಷ್ಟು ಚಿಟ್ಟೆ ಹಿಡಿದಾರು? ಒಂದು ಊರಿನಲ್ಲಿ ಚೀಟಿ ಹಚ್ಚುತ್ತ ಕೂತರೆ ಉಳಿದ ಊರುಗಳ ಸುದ್ದಿ ಹೇಳುವವರು ಯಾರು?

1952ರಲ್ಲಿ ನೋರಾ ಒಂದು ಪತ್ರಿಕೆಗೆ ಲೇಖನ ಬರೆದು, ಚೀಟಿ ಹಚ್ಚುವುದಕ್ಕೆ ನಮ್ಮ ಜೊತೆ ಯಾರು ಕೈಜೋಡಿಸುತ್ತೀರಿ ಎಂದು ಕೇಳಿದರು. ಬಂದವರು ಹನ್ನೆರಡು ಜನ. ಅಷ್ಟು ದೊಡ್ಡ ಖಂಡಕ್ಕೆ ಬರೀ ಹನ್ನೆರಡು! ಆದರೂ ಕೆಲಸ ಶುರುವಾಯಿತು. ವರ್ಷ ಕಳೆದಂತೆ ಹನ್ನೆರಡು ನೂರಾಯಿತು, ನೂರು ನೂರಾರಾಯಿತು. ಮೇಷ್ಟ್ರುಗಳು, ಗೃಹಿಣಿಯರು, ರೈತರು, ನಿವೃತ್ತರಾದ ಅಜ್ಜಂದಿರು, ಶಾಲೆಯ ಮಕ್ಕಳು ಎಲ್ಲರೂ ಬಲೆ ಹಿಡಿದು ಹೊಲಕ್ಕೆ ಇಳಿದರು.

ಇಲ್ಲಿ ಒಂದು ಗುಟ್ಟು ಇದೆ, ಗಮನಿಸಿ. ಇವರಲ್ಲಿ ಒಬ್ಬ "ಮೊನ್ನೆ ನಮ್ಮ ತೋಟದಲ್ಲಿ ಒಂದು ಚಿಟ್ಟೆ ನೋಡಿದೆ, ಚೆನ್ನಾಗಿತ್ತು" ಎಂದೂ, ಇನ್ನೊಬ್ಬ "ಬಹಳ ಚಿಟ್ಟೆ ಬಂದಿದ್ದವು" ಎಂದೂ ಬರೆದು ಕಳುಹಿಸಿದ್ದರೆ ಏನಾಗುತ್ತಿತ್ತು? ಒಂದು ಮೂಟೆ ಕಾಗದ ಸೇರುತ್ತಿತ್ತು, ಅಷ್ಟೇ. "ಮೊನ್ನೆ" ಎಂದರೆ ಯಾವ ದಿನ? "ನಮ್ಮ ತೋಟ" ಯಾವ ಊರಿನಲ್ಲಿದೆ? "ಬಹಳ" ಎಂದರೆ ಹತ್ತೋ ಸಾವಿರವೋ? ಹಾಗಾಗದಂತೆ ಎಲ್ಲರೂ ಒಂದೇ ಥರದ ಚೀಟಿ ಹಚ್ಚಿದರು. ಯಾವ ಸಂಖ್ಯೆ, ಯಾವ ದಿನ, ಯಾವ ಊರು ಎಂದು ಬರೆದಿಟ್ಟರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆದದ್ದರ ಪಕ್ಕದಲ್ಲಿಟ್ಟು ನೋಡಲು ಆಗಬೇಕು. ಆಗ ಮಾತ್ರ ಹಲವರ ಕಣ್ಣು ಸೇರಿ ಒಂದು ದೊಡ್ಡ ಕಣ್ಣಾಗುತ್ತದೆ.

ಬಂದ ಪತ್ರಗಳನ್ನು ಓದುವುದು, ಲೆಕ್ಕ ಹಚ್ಚುವುದು, ಉತ್ತರ ಬರೆಯುವುದು, ಎಲ್ಲರಿಗೂ ಆ ವರ್ಷ ಏನೇನಾಯಿತು ಎಂದು ತಿಳಿಸುವುದು, ಇದೆಲ್ಲ ದೊಡ್ಡ ಕೆಲಸ. ಅದರ ಹೊರೆ ಹೊತ್ತವರಲ್ಲಿ ನೋರಾ ಮುಖ್ಯರು. ಹೊಲದಲ್ಲಿ ಬಲೆ ಬೀಸುವುದು ಕಣ್ಣಿಗೆ ಕಾಣುತ್ತದೆ, ಮೇಜಿನ ಮುಂದೆ ಕೂತು ಪತ್ರ ಜೋಡಿಸುವುದು ಕಾಣುವುದಿಲ್ಲ. ಆದರೆ ಜೋಡಿಸುವವರು ಇಲ್ಲದಿದ್ದರೆ ಮಣಿಗಳು ಇರುತ್ತವೆ, ಸರ ಇರುವುದಿಲ್ಲ.

ಹಚ್ಚಿದ ಚೀಟಿಗಳಲ್ಲಿ ಬಹುಪಾಲು ತಿರುಗಿ ಬರಲಿಲ್ಲ. ಅಲ್ಲೊಂದು ಇಲ್ಲೊಂದು ಬಂದವು. ಒಂದೊಂದಕ್ಕೂ ನಕ್ಷೆಯಲ್ಲಿ ಒಂದೊಂದು ಗೆರೆ. ಹತ್ತು ಗೆರೆ ಇದ್ದಾಗ ಮಗು ಗೀಚಿದ ಹಾಗಿತ್ತು. ಗೆರೆಗಳು ಹೆಚ್ಚಿದಂತೆ ಒಂದು ದಿಕ್ಕು ಮೂಡಿತು. ಈಶಾನ್ಯದಿಂದ ನೈಋತ್ಯಕ್ಕೆ, ಅಂದರೆ ಕೆನಡಾದ ಕಡೆಯಿಂದ ಟೆಕ್ಸಾಸ್ ಕಡೆಗೆ ಚಿಟ್ಟೆಗಳು ಓರೆಯಾಗಿ ಇಳಿಯುತ್ತಿದ್ದವು. ಟೆಕ್ಸಾಸ್ ಆಚೆಗೆ ಮೆಕ್ಸಿಕೊ. ಅಲ್ಲಿ ಚೀಟಿ ನೋಡಿ ಪತ್ರ ಬರೆಯುವವರು ಇರಲಿಲ್ಲ. ಗೆರೆ ಅಲ್ಲಿಗೆ ನಿಂತುಬಿಟ್ಟಿತ್ತು.

ಬೆಟ್ಟದ ಮೇಲೆ

1972ರಲ್ಲಿ ನೋರಾ ಮತ್ತೆ ಪೆನ್ನು ಹಿಡಿದರು. ಈ ಸಲ ಮೆಕ್ಸಿಕೊದ ಪತ್ರಿಕೆಗಳಿಗೆ ಬರೆದರು. ಮೆಕ್ಸಿಕೊ ನಗರದಲ್ಲಿದ್ದ ಕೆನ್ ಬ್ರಗರ್ ಎಂಬ ಅಮೆರಿಕದವರು ನಾನು ಹುಡುಕುತ್ತೇನೆ ಎಂದು ಉತ್ತರ ಕೊಟ್ಟರು. ಅವರ ಜೊತೆಗೂಡಿದವರು ಕಟಲಿನಾ ಅಗ್ವಾಡೊ. ಆಕೆ ಮಿಚೊವಾಕಾನ್ ಎಂಬ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಅಲ್ಲಿನ ಭಾಷೆ ಗೊತ್ತು, ಜನರ ಜೊತೆ ಮಾತಾಡುವುದು ಗೊತ್ತು. ಇನ್ನೊಂದು ತಮಾಷೆಯ ಸಂಗತಿ ಕೇಳಿ. ಕೆನ್ ಅವರಿಗೆ ಬಣ್ಣಗುರುಡು. ನಮಗೆ ಬೆಂಕಿಯಂತೆ ಕಾಣುವ ಮೊನಾರ್ಕ್ ಬಣ್ಣ ಅವರ ಕಣ್ಣಿಗೆ ಹಾಗೆ ಕಾಣುತ್ತಿರಲಿಲ್ಲ. ಇಬ್ಬರು ಜೊತೆಯಾಗಿ ಹುಡುಕುವುದು ಎಷ್ಟು ಒಳ್ಳೆಯದು ನೋಡಿ!

ಇಬ್ಬರೂ ಊರೂರು ತಿರುಗಿ, ಚಿಟ್ಟೆ ಕಂಡಿರಾ ಎಂದು ಕೇಳುತ್ತ, ಬೆಟ್ಟ ಹತ್ತುತ್ತ ಹೋದರು. 1975ರ ಜನವರಿ 2ರಂದು ಸೆರ್ರೊ ಪೆಲೊನ್ ಎಂಬ ಬೆಟ್ಟದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದ ಕಾಡಿನಲ್ಲಿ ಅವು ಸಿಕ್ಕವು. ಕಾಂಡದ ತುಂಬ ಚಿಟ್ಟೆ, ಕೊಂಬೆಯ ತುಂಬ ಚಿಟ್ಟೆ, ನೆಲದ ಮೇಲೂ ಚಿಟ್ಟೆ. ಮರದ ಹಸಿರೇ ಕಾಣದಷ್ಟು. ಕೂತ ಚಿಟ್ಟೆಗಳು ರೆಕ್ಕೆ ಮಡಚಿಕೊಂಡು ಒಣಗಿದ ಎಲೆಯ ಗೊಂಚಲಿನ ಹಾಗೆ ತೂಗುತ್ತಿದ್ದವು. ಬಿಸಿಲು ಬಿದ್ದ ಕಡೆ ಗೊಂಚಲು ಬಿಚ್ಚಿ ಗಾಳಿಯೆಲ್ಲ ಕಿತ್ತಳೆ. ನಮ್ಮ ಚಾಮುಂಡಿ ಬೆಟ್ಟದ ಎತ್ತರ ಸುಮಾರು 1,000 ಮೀಟರ್. ಅದರ ಮೂರು ಪಟ್ಟು ಎತ್ತರದಲ್ಲಿ ಕೋಟಿಗಟ್ಟಲೆ ಚಿಟ್ಟೆ ಚಳಿಗಾಲ ಕಳೆಯುತ್ತ ಕೂತಿರುವುದನ್ನು ಕಲ್ಪಿಸಿಕೊಳ್ಳಿ.

ಟೊರೊಂಟೊಗೆ ದೂರವಾಣಿ ಹೋಯಿತು. ಮರುವರ್ಷ, 1976ರ ಜನವರಿಯಲ್ಲಿ, ಅರವತ್ತು ದಾಟಿದ್ದ ಫ್ರೆಡ್, ಅವರ ಜೊತೆ ನೋರಾ, ಏದುಸಿರು ಬಿಡುತ್ತ ಮೆಕ್ಸಿಕೊದ ಬೆಟ್ಟ ಹತ್ತಿದರು. ಹುಡುಗನಾಗಿದ್ದಾಗ ಕೇಳಿದ ಪ್ರಶ್ನೆಯ ಉತ್ತರ ಈಗ ಮರಗಳ ಮೇಲೆ ಕೂತಿತ್ತು.

ಆದರೆ ವಿಜ್ಞಾನ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಯಾರಾದರೂ ಕೇಳಬಹುದು: "ಇವು ಮೆಕ್ಸಿಕೊದವೇ ಚಿಟ್ಟೆಗಳು ಇರಬಹುದಲ್ಲ? ಉತ್ತರದಿಂದಲೇ ಬಂದವು ಅಂತ ಹೇಗೆ ಹೇಳುತ್ತೀರಿ?" ಸರಿಯಾದ ಪ್ರಶ್ನೆ. ಫ್ರೆಡ್ ದಣಿವಾರಿಸಿಕೊಳ್ಳುತ್ತಿದ್ದ ಹೊತ್ತಿಗೆ ಚಿಟ್ಟೆಗಳ ಭಾರಕ್ಕೇ ಒಂದು ಕೊಂಬೆ ಮುರಿದು ಕೆಳಗೆ ಬಿತ್ತು. ಬಿದ್ದ ರಾಶಿಯಲ್ಲಿ ಒಂದು ಚಿಟ್ಟೆಯ ರೆಕ್ಕೆಯ ಮೇಲೆ ಬೆಳ್ಳಗೆ ಏನೋ ಕಂಡಿತು. ಚೀಟಿ!

ಸಂಖ್ಯೆ ಹಿಡಿದು ದಾಖಲೆ ತೆಗೆದಾಗ ಗೊತ್ತಾಯಿತು. ಅಮೆರಿಕದ ಮಿನೆಸೋಟ ರಾಜ್ಯದ ಚಾಸ್ಕಾ ಎಂಬ ಊರಿನಲ್ಲಿ 1975ರ ಆಗಸ್ಟ್ ತಿಂಗಳಲ್ಲಿ ಒಬ್ಬ ಮೇಷ್ಟ್ರು ಮತ್ತು ಇಬ್ಬರು ಹುಡುಗರು ಸೇರಿ ಹಚ್ಚಿದ ಚೀಟಿ ಅದು. ಅಲ್ಲಿಂದ ಈ ಬೆಟ್ಟಕ್ಕೆ ಹಕ್ಕಿ ಹಾರಿದಂತೆ ನೇರ ಅಳೆದರೂ 2,800 ಕಿಲೋಮೀಟರಿಗೆ ಕಮ್ಮಿಯಿಲ್ಲ. ಕನ್ಯಾಕುಮಾರಿಯಿಂದ ಹೊರಟು ಕಾಶ್ಮೀರ ಮುಟ್ಟುವಷ್ಟು ದೂರ. ಅರ್ಧ ಗ್ರಾಂ ತೂಕದ ಜೀವ ಅಷ್ಟು ದೂರ ಹಾರಿತ್ತು.

ಕಂಡುಹಿಡಿದವರು ಯಾರು?

ಈಗ ನಿಮಗೊಂದು ಪ್ರಶ್ನೆ. ಮೊನಾರ್ಕ್ ಚಿಟ್ಟೆಯ ಚಳಿಗಾಲದ ಮನೆ ಕಂಡುಹಿಡಿದವರು ಯಾರು?

ಫ್ರೆಡ್ ಎನ್ನೋಣವೇ? ಅವರು ಬೆಟ್ಟ ಹತ್ತಿದ್ದು ಒಂದು ವರ್ಷ ತಡವಾಗಿ. ಕೆನ್ ಮತ್ತು ಕಟಲಿನಾ ಎನ್ನೋಣವೇ? ಮೆಕ್ಸಿಕೊದಲ್ಲಿ ಹುಡುಕಬೇಕು ಎಂದು ತೋರಿಸಿದ್ದು ನಕ್ಷೆಯ ಗೆರೆಗಳು. ಗೆರೆ ಎಳೆಯಲು ಚೀಟಿ ಕೊಟ್ಟವರು ನೂರಾರು ಜನ. ಸಾಕ್ಷಿ ಸಿಕ್ಕಿದ್ದು ಚಾಸ್ಕಾದ ಹುಡುಗರಿಂದ. ಆ ಹುಡುಗರಿಗೋ, ತಾವು ಬಿಟ್ಟ ಚಿಟ್ಟೆ ಎಲ್ಲಿಗೆ ಹೋಯಿತು ಎಂಬ ಸುಳಿವೇ ಇರಲಿಲ್ಲ.

ತಡೆಯಿರಿ, ಇನ್ನೂ ಕೆಲವರನ್ನು ಮರೆತೆವು. ಆ ಬೆಟ್ಟದ ತಪ್ಪಲಿನ ಹಳ್ಳಿಯವರು! ಅವರಿಗೆ ಆ ಚಿಟ್ಟೆಗಳು ಹೊಸತೇ ಅಲ್ಲ. ತಲೆತಲಾಂತರದಿಂದ ನೋಡುತ್ತ ಬಂದವರು. ನವೆಂಬರ್ ಮೊದಲ ವಾರದ ಆಸುಪಾಸಿನಲ್ಲಿ ಚಿಟ್ಟೆಗಳು ಬಂದಿಳಿಯುತ್ತವೆ. ಸರಿಯಾಗಿ ಆಗಲೇ ಅವರು ತೀರಿಹೋದ ಹಿರಿಯರನ್ನು ನೆನೆಯುವ ಹಬ್ಬ ಮಾಡುತ್ತಾರೆ. ಹಿರಿಯರ ಜೀವಗಳೇ ಚಿಟ್ಟೆಯಾಗಿ ಮನೆಗೆ ಬರುತ್ತವೆ ಎಂದು ಅಲ್ಲಿನವರ ನಂಬಿಕೆ. ಪಿತೃಪಕ್ಷದಲ್ಲಿ ನಾವು ಕಾಗೆಗೆ ಎಡೆಯಿಟ್ಟು ಕಾಯುವುದಿಲ್ಲವೇ, ಹಾಗೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆನಡಾದವರಿಗೆ ಚಿಟ್ಟೆ ಹೊರಟದ್ದು ಗೊತ್ತಿತ್ತು, ತಲುಪಿದ್ದು ಗೊತ್ತಿರಲಿಲ್ಲ. ಬೆಟ್ಟದವರಿಗೆ ಬಂದದ್ದು ಗೊತ್ತಿತ್ತು, ಎಲ್ಲಿಂದ ಎಂಬುದು ಗೊತ್ತಿರಲಿಲ್ಲ. ಇಬ್ಬರ ಹತ್ತಿರವೂ ಅರ್ಧರ್ಧ ರೊಟ್ಟಿ. 1976ರಲ್ಲಿ ಆದದ್ದು ಅವೆರಡನ್ನೂ ಕೂಡಿಸುವ ಕೆಲಸ. ಹಾಗೆ ಕೂಡಿದಾಗ ಹುಟ್ಟಿದ ತಿಳಿವಳಿಕೆ ಅದಕ್ಕೆ ಮೊದಲು ಯಾರ ತಲೆಯಲ್ಲೂ ಇರಲಿಲ್ಲ, ದೊಡ್ಡ ಪ್ರಾಧ್ಯಾಪಕರ ತಲೆಯಲ್ಲೂ ಇರಲಿಲ್ಲ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಚಿಟ್ಟೆಗೂ ತನ್ನ ದಾರಿ ಪೂರ್ತಿ ಗೊತ್ತಿಲ್ಲ! ಬೇಸಿಗೆಯಲ್ಲಿ ಹುಟ್ಟಿದ ಮೊನಾರ್ಕ್ ಬದುಕುವುದು ಎರಡರಿಂದ ಐದು ವಾರ. ಆದರೆ ಬೇಸಿಗೆಯ ಕೊನೆಗೆ ಹುಟ್ಟಿದವು ಎಂಟು ತಿಂಗಳವರೆಗೂ ಬದುಕುತ್ತವೆ. ಮೆಕ್ಸಿಕೊಗೆ ಹಾರುವುದು ಇವೇ. ಮಾರ್ಚ್ ಹೊತ್ತಿಗೆ ಉತ್ತರಕ್ಕೆ ಹೊರಟು, ದಾರಿಯಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಅವುಗಳ ಮಕ್ಕಳು ಇನ್ನಷ್ಟು ದೂರ, ಮೊಮ್ಮಕ್ಕಳು ಇನ್ನೂ ಅಷ್ಟು ದೂರ. ಕೆನಡಾ ತಲುಪುವ ಹೊತ್ತಿಗೆ ಮೂರು ನಾಲ್ಕು ತಲೆಮಾರು ಕಳೆದಿರುತ್ತದೆ. ಇಡೀ ಸುತ್ತನ್ನು ಒಂದೇ ಚಿಟ್ಟೆ ಎಂದೂ ಮುಗಿಸುವುದಿಲ್ಲ. ಹುಡುಕಿದ ಮನುಷ್ಯರೂ ಹಾಗೆಯೇ ಮಾಡಿದರು ಅಲ್ಲವೇ?

ಗುಂಪು ಇಂದಿಗೂ ಇದೆ

ಉತ್ತರ ಸಿಕ್ಕಿತು ಎಂದು ಯಾರೂ ಬಲೆ ಮಡಚಿಡಲಿಲ್ಲ. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಶುರುವಾದ ಮೊನಾರ್ಕ್ ವಾಚ್ ಎಂಬ ಬಳಗ ಇಂದಿಗೂ ಮಕ್ಕಳು, ದೊಡ್ಡವರನ್ನು ಸೇರಿಸಿಕೊಂಡು ಚೀಟಿ ಹಚ್ಚುತ್ತಿದೆ. ಮೆಕ್ಸಿಕೊದ ಬೆಟ್ಟಗಳಲ್ಲಿ ಪ್ರತಿ ಚಳಿಗಾಲವೂ ಎಣಿಕೆ ನಡೆಯುತ್ತದೆ. ಕೋಟಿಗಟ್ಟಲೆ ಚಿಟ್ಟೆಯನ್ನು ಒಂದು, ಎರಡು ಎಂದು ಎಣಿಸಲು ಆಗುತ್ತದೆಯೇ? ಅದಕ್ಕೆ ಚಿಟ್ಟೆ ಕೂತ ಕಾಡಿನ ಜಾಗ ಎಷ್ಟು ಹೆಕ್ಟೇರ್ ಎಂದು ಅಳೆಯುತ್ತಾರೆ. 1996–97ರ ಚಳಿಗಾಲದಲ್ಲಿ 18 ಹೆಕ್ಟೇರಿಗಿಂತ ಹೆಚ್ಚು ಇತ್ತು. 2013–14ರಲ್ಲಿ ಒಂದು ಹೆಕ್ಟೇರೂ ಇಲ್ಲ, 0.67 ಮಾತ್ರ. ಆಮೇಲೆ ಏರುತ್ತ ಇಳಿಯುತ್ತ ಇದೆ. ಹೊಲಗಳಿಗೆ ಕಳೆನಾಶಕ ಹೊಡೆದು ಮಿಲ್ಕ್‌ವೀಡ್ ಗಿಡ ಇಲ್ಲವಾದದ್ದು ಇದಕ್ಕೆ ಒಂದು ಮುಖ್ಯ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ವರ್ಷ ವರ್ಷವೂ ಬೇಸರವಿಲ್ಲದೆ ಅಳೆದು ಬರೆದಿಟ್ಟವರು ಇದ್ದದ್ದರಿಂದಲೇ ಚಿಟ್ಟೆ ಕಮ್ಮಿಯಾದದ್ದು ತಿಳಿಯಿತು. ಈಗ ಎಷ್ಟೋ ಜನ ಮನೆಯಂಗಳದಲ್ಲಿ ಆ ಗಿಡ ನೆಡುತ್ತಿದ್ದಾರೆ.

ನಮ್ಮಲ್ಲೂ ಇಂಥ ಗುಂಪುಗಳಿವೆ. ಮೈಸೂರಿನ ಹಕ್ಕಿಪ್ರಿಯರು 2014ರಲ್ಲಿ ಊರನ್ನು ಚೌಕ ಚೌಕವಾಗಿ ಹಂಚಿಕೊಂಡು, ಯಾವ ಚೌಕದಲ್ಲಿ ಯಾವ ಹಕ್ಕಿ ಎಂದು ನಕ್ಷೆ ಮಾಡಲು ಹೊರಟರು. ಪಕ್ಕದ ಕೇರಳದಲ್ಲಿ 2015ರಿಂದ 2020ರ ತನಕ ಸಾವಿರಕ್ಕೂ ಹೆಚ್ಚು ಜನ ಸೇರಿ ಇಡೀ ರಾಜ್ಯದ ಹಕ್ಕಿ ನಕ್ಷೆಯನ್ನೇ ಮಾಡಿದರು. ಅವರಲ್ಲಿ ಬಹುಪಾಲು ಜನ ವಿಜ್ಞಾನಿಗಳಲ್ಲ, ಹಕ್ಕಿ ನೋಡುವ ಹುಚ್ಚಿನವರು.

ಮಳೆಗಾಲ ಶುರುವಾಗುವ ಮುಂಚೆ ಪಶ್ಚಿಮ ಘಟ್ಟದ ಕಡೆಯಿಂದ ಬಯಲುಸೀಮೆಯ ಕಡೆಗೆ ನೀಲಿ ಪಟ್ಟೆಯ, ಕಂದು ಬಣ್ಣದ ಚಿಟ್ಟೆಗಳು ಸಾಲುಸಾಲಾಗಿ ಹಾರಿ ಬರುತ್ತವೆ. ಮಳೆ ಮುಗಿದ ಮೇಲೆ ವಾಪಸು ಹೊರಡುತ್ತವೆ. ಬೆಂಗಳೂರಿನ ರಸ್ತೆಗಳ ಮೇಲೂ ಹಾಯುತ್ತವೆ. ಅವು ಎಲ್ಲಿ ತಂಗುತ್ತವೆ, ಯಾವ ದಾರಿ ಹಿಡಿಯುತ್ತವೆ ಎಂಬ ನಕ್ಷೆಯಲ್ಲಿ ಇನ್ನೂ ಎಷ್ಟೋ ಗೆರೆ ಎಳೆಯುವುದು ಬಾಕಿ ಇದೆ.

ಒಂದು ನೋಟ್‌ಬುಕ್, ಒಂದು ಎಕ್ಕದ ಗಿಡ

ನೀವೂ ಶುರುಮಾಡಬಹುದು. ಚೀಟಿ ಬೇಡ, ಬಲೆ ಬೇಡ, ಚಿಟ್ಟೆಯನ್ನು ಮುಟ್ಟುವುದೂ ಬೇಡ. ತರಗತಿಯ ಒಬ್ಬೊಬ್ಬರೂ ಶಾಲೆಗೆ ಬರುವ ದಾರಿಯಲ್ಲಿ ಒಂದೊಂದು ಎಕ್ಕದ ಗಿಡ ಆರಿಸಿಕೊಳ್ಳಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ನೋಡಿ. ಹತ್ತು ಎಲೆ ನೋಡಬೇಕು, ಹನ್ನೊಂದಲ್ಲ, ಒಂಬತ್ತೂ ಅಲ್ಲ. ಪುಸ್ತಕದಲ್ಲಿ ನಾಲ್ಕು ಮನೆ ಎಳೆದುಕೊಳ್ಳಿ: ದಿನ, ಜಾಗ, ಹುಳು ಎಷ್ಟು, ಆ ವಾರ ಮಳೆ ಬಂತೋ ಇಲ್ಲವೋ.

ಹುಳು ಸಿಗದಿದ್ದರೆ ಸೊನ್ನೆ ಬರೆಯಿರಿ. ಬೇಜಾರಾಗಿ ಆ ಮನೆ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ನೀವು ಆ ವಾರ ನೋಡಿರಲಿಲ್ಲ ಎಂದು ಅರ್ಥ. ಸೊನ್ನೆ ಬರೆದರೆ, ನೋಡಿದೆ, ಇರಲಿಲ್ಲ ಎಂದು ಅರ್ಥ. ಎರಡೂ ಬೇರೆ ಬೇರೆ ಸುದ್ದಿ. ಗೆಳೆಯ ಐದು ಹುಳು ಬರೆದ ಎಂದು ನಾಚಿಕೆಯಿಂದ ಸೊನ್ನೆಯನ್ನು ಮೂರು ಮಾಡಿ ಬರೆಯುವುದಂತೂ ಬೇಡವೇ ಬೇಡ. ಒಬ್ಬರು ಸುಳ್ಳು ಬರೆದರೆ ತರಗತಿಯ ನಲವತ್ತು ಜನರ ಕೆಲಸ ಕೆಡುತ್ತದೆ. ಒಂದೇ ಗಿಡ ನೋಡಿದ ಇಬ್ಬರ ಲೆಕ್ಕ ಬೇರೆಯಾದರೆ ಜಗಳ ಆಡಬೇಡಿ, ಇಬ್ಬರೂ ಒಟ್ಟಿಗೆ ಹೋಗಿ ಇನ್ನೊಮ್ಮೆ ಎಣಿಸಿ. ಚಿಕ್ಕ ಹುಳು ಎಲೆಯ ನರದ ಪಕ್ಕ ಅಡಗಿದ್ದು ಒಬ್ಬರಿಗೆ ಕಾಣದೇ ಇದ್ದಿರಬಹುದು.

ವರ್ಷದ ಕೊನೆಗೆ ನಲವತ್ತು ಪುಸ್ತಕ ಒಟ್ಟಿಗೆ ಬಿಡಿಸಿ ಕೂರಿ. ನಿಮ್ಮೂರಿನ ಎಕ್ಕದ ಗಿಡಗಳಲ್ಲಿ ಹುಳು ಹೆಚ್ಚಾಗುವುದು ಯಾವ ತಿಂಗಳು, ಮಳೆ ಬಂದ ಎಷ್ಟು ವಾರಕ್ಕೆ ಎಂಬುದು ತಾನಾಗಿ ಕಾಣತೊಡಗುತ್ತದೆ. ನಿಮ್ಮೂರಿನ ಬಗ್ಗೆ ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ನಿಮ್ಮ ಮೇಷ್ಟ್ರಿಗೂ ಗೊತ್ತಿಲ್ಲ. ಅಜ್ಜಿಯನ್ನೂ ಕೇಳಿ, ಗಿಡದ ಪಕ್ಕ ದನ ಮೇಯಿಸುವವರನ್ನೂ ಕೇಳಿ. ಅರ್ಧ ರೊಟ್ಟಿ ಅವರ ಹತ್ತಿರ ಇದ್ದೀತು.

ಆಮೇಲೆ ಒಂದು ಅಂಚೆ ಕಾರ್ಡು ತೆಗೆದುಕೊಂಡು ಪಕ್ಕದ ಊರಿನ ಶಾಲೆಗೆ ಬರೆಯಿರಿ: "ನಮ್ಮೂರಿನ ಎಕ್ಕದ ಗಿಡದಲ್ಲಿ ಹೀಗಿದೆ. ನಿಮ್ಮೂರಿನಲ್ಲಿ ಹೇಗಿದೆ?" ಕೆಳಗೆ ನಿಮ್ಮ ಶಾಲೆಯ ವಿಳಾಸ ಬರೆಯುವುದನ್ನು ಮಾತ್ರ ಮರೆಯಬೇಡಿ.